ನಾಲ್ಕು ಸೆಕೆಂಡಿನ ದಾಕ್ಷಿಣ್ಯ

ಗಡಿಯಾರ ಹಿಡಿಯುವ ಕೆಲಸವನ್ನು ಯಾರಿಗೆ ಬೇಕಾದರೂ ಕೊಡಿ, ಓಡುವವನ ಅಕ್ಕನ ಕೈಗೆ ಮಾತ್ರ ಕೊಡಬೇಡಿ. ಹೇಳುತ್ತಿರುವವಳು ಆ ಅಕ್ಕನೇ.

ನಾನು ಹೈಸ್ಕೂಲಿನ ಲ್ಯಾಬ್ ಅಟೆಂಡರ್. ಇಪ್ಪತ್ತೆರಡು ವರ್ಷದಿಂದ ಬೀಕರು ತೊಳೆದಿದ್ದೇನೆ, ತೂಕದ ಬಟ್ಟು ಎಣಿಸಿದ್ದೇನೆ, ಥರ್ಮಾಮೀಟರು ಒಡೆದವರ ಕಿವಿ ಹಿಂಡಿದ್ದೇನೆ. ಅದೇ ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು ನನ್ನ ಒಡಹುಟ್ಟಿದ ತಮ್ಮ, ನನಗಿಂತ ಆರು ವರ್ಷಕ್ಕೆ ಚಿಕ್ಕವನು. ಅಮ್ಮ ಹೋದಾಗ ಅವನಿಗೆ ಐದು, ನನಗೆ ಹನ್ನೊಂದು. ನಾನು ಶಾಲೆ ಬಿಟ್ಟೆ, ಅವನನ್ನು ಬಿಡಗೊಡಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ಅವನ ಮನೆಗೇ ಬಂದು ಉಳಿದೆ. ಅವನು ಮದುವೆಯಾಗಲಿಲ್ಲ. ಕೇಳಿದರೆ, "ನೀನೊಬ್ಬಳು ಬೈಯೋದೇ ಸಾಲ್ದೇನಕ್ಕಾ, ಇನ್ನೊಬ್ಬಳು ಬೇರೆ ಬೇಕಾ?" ಅನ್ನುತ್ತಿದ್ದ. ಬೈಯುತ್ತಿದ್ದೆ, ಸುಳ್ಳಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಅವನ ಮುಖ ಸಪ್ಪಗಾದರೆ ಮಾತ್ರ ನನ್ನ ಕೈಕಾಲು ಆಡುತ್ತಿರಲಿಲ್ಲ. ಐದು ವರ್ಷದ ಮಗು ಅಮ್ಮನ ಮಂಚದ ಪಕ್ಕ ನಿಂತಿದ್ದ ಮುಖ ಅದು. ಐವತ್ತು ವರ್ಷವಾದರೂ ಬದಲಾಗಿರಲಿಲ್ಲ.

ಅವನಿಗೆ ನಾಲ್ಕು ಗೋಡೆಯೊಳಗೆ ಪಾಠ ಮಾಡುವುದೆಂದರೆ ಆಗುತ್ತಿರಲಿಲ್ಲ. ಶಾಲೆಯ ಹಿಂದೆ ಒಂದು ಗುಡ್ಡವಿದೆ, ಅದರ ನೆತ್ತಿಯಲ್ಲಿ ಊರಿಗೆಲ್ಲ ನೀರು ಕೊಡುವ ಟ್ಯಾಂಕು. ಹತ್ತಲು ಕಲ್ಲಿನ ಮೆಟ್ಟಿಲು, ನೂರ ಹನ್ನೆರಡು. ಪ್ರತಿ ವರ್ಷ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಅಲ್ಲಿ ಒಂದು ದಿನದ ಬಯಲು ಪಾಠ. ಮಕ್ಕಳು ಸ್ಕೇಲು ಹಿಡಿದು ಮೆಟ್ಟಿಲು ಅಳೆಯಬೇಕು. ಒಂದೊಂದು ಹದಿನೆಂಟು ಸೆಂಟಿಮೀಟರು, ಒಟ್ಟು ಎತ್ತರ ಸುಮಾರು ಇಪ್ಪತ್ತು ಮೀಟರು. ಆಮೇಲೆ ಒಬ್ಬೊಬ್ಬರೇ ಓಡಿ ಹತ್ತಬೇಕು. ತೂಕ, ಎತ್ತರ, ಹಿಡಿದ ಸಮಯ, ಮೂರು ಗೊತ್ತಾದರೆ ಯಾರ ಶಕ್ತಿ ಎಷ್ಟು ವಾಟು ಅಂತ ಲೆಕ್ಕ ಸಿಗುತ್ತದೆ. ತನ್ನನ್ನು ತಾನೇ ಬಲ್ಬಿನ ಹಾಗೆ ಅಳೆದುಕೊಂಡ ಮಗು ಆ ಪಾಠ ಮರೆಯುವುದುಂಟೇ!

"ನನ್ನ ತೂಕ ಅರವತ್ತು ಕಿಲೋ. ಮೇಲಕ್ಕೆ ಒಂದ್ಸಲ ಹತ್ತಿದ್ರೆ ಹನ್ನೆರಡು ಸಾವಿರ ಜೂಲು," ಅನ್ನುತ್ತಿದ್ದ. "ಈಗ ಹೇಳಿ, ಬೆಳಿಗ್ಗೆ ಒಂದು ಬಕೆಟ್ ಬಿಸಿನೀರು ಸ್ನಾನ ಮಾಡಿ ಬಂದ್ರಲ್ಲ, ಅದಕ್ಕೆ ನಾನು ಎಷ್ಟು ಸಲ ಹತ್ತಬೇಕು?"

ಮಕ್ಕಳು ಎರಡು ಅನ್ನುತ್ತಿದ್ದವು, ಐದು ಅನ್ನುತ್ತಿದ್ದವು. ಲೆಕ್ಕ ಮಾಡಿದರೆ ನೂರ ಮೂವತ್ತೊಂದು. ಅವುಗಳ ಬಾಯಿ ತೆರೆದದ್ದು ತೆರೆದ ಹಾಗೇ ಇರುತ್ತಿತ್ತು. ಆಗ ಅವನು ಎಲ್ಲರನ್ನೂ ಟ್ಯಾಂಕಿನ ಪಕ್ಕದ ಬಂಡೆಯ ಹತ್ತಿರ ಕರೆದೊಯ್ಯುತ್ತಿದ್ದ. ಬೆಳಿಗ್ಗೆಯೇ ನನ್ನ ಕೈಯಲ್ಲಿ ನೀರು ತುಂಬಿಸಿ ಬಿಸಿಲಿಗೆ ಸುತ್ತಿ ಇಡಿಸಿದ ಕಪ್ಪು ಪೈಪು ಅಲ್ಲಿರುತ್ತಿತ್ತು. ಬಾಯಿ ಬಿಚ್ಚಿದರೆ ಕೈ ಸುಡುವಂಥ ನೀರು. "ನೂರ ಮೂವತ್ತೊಂದು ಸಲ ಹತ್ತೋ ಕೆಲಸ ಸೂರ್ಯ ಸುಮ್ನೆ ಕೂತು ಮಾಡ್ಕೊಟ್ಟ. ನಾವು ಅದನ್ನ ಬಿಟ್ಟು ಕಲ್ಲಿದ್ದಲು ಸುಡ್ತೀವಿ. ಬುದ್ಧಿವಂತರು ಯಾರು?" ಆಮೇಲೆ ಎಷ್ಟು ಮನೆಗಳಲ್ಲಿ ಮಕ್ಕಳು ಅಪ್ಪ ಅಮ್ಮನ ಹಿಂದೆ ಹಿಂದೆಯೇ ಹೋಗಿ ಸ್ವಿಚ್ಚು ಆರಿಸಿ ಬೈಸಿಕೊಂಡಿದ್ದಾವೋ ಲೆಕ್ಕವಿಲ್ಲ.

ಕೊನೆಗೆ ಮೇಷ್ಟ್ರ ಸರದಿ. ನಾನು ಮೇಲೆ ಟ್ಯಾಂಕಿನ ಕಟ್ಟೆಯ ಹತ್ತಿರ ನಿಲ್ಲುತ್ತಿದ್ದೆ, ಒಂದು ಕೈಯಲ್ಲಿ ಸ್ಟಾಪ್‌ವಾಚು, ಇನ್ನೊಂದರಲ್ಲಿ ಕೆಂಪು ಬಟ್ಟೆ. ಬಟ್ಟೆ ಕೆಳಗಿಳಿಸಿದರೆ ಅವನು ಹೊರಡಬೇಕು. ಲ್ಯಾಬಿನಲ್ಲಿ ಇದ್ದದ್ದೇ ಒಂದು ವಾಚು, ಅದು ಯಾವಾಗಲೂ ನನ್ನ ಕೈಯಲ್ಲೇ. ಮೊದಲ ವರ್ಷ ಅವನಿಗೆ ಮೂವತ್ತೆಂಟು ವಯಸ್ಸು, ನಲವತ್ತು ಸೆಕೆಂಡಿನಲ್ಲಿ ಬಂದ. ಮುನ್ನೂರು ವಾಟು! ಲ್ಯಾಬಿನ ಬಾಗಿಲ ಪಕ್ಕದ ಕರಿಬೋರ್ಡಿನ ಮೇಲೆ ಬಿಳಿ ಪೇಂಟಿನಲ್ಲಿ ಅದನ್ನು ಬರೆಸಿದ. ಬರೆದವಳು ನಾನೇ, ಐದನೇ ಕ್ಲಾಸಿನ ಅಕ್ಷರದಲ್ಲಿ. ಅಲ್ಲಿಂದ ವರ್ಷಕ್ಕೊಂದು ಸಾಲು ಸೇರುತ್ತಾ ಹೋಯಿತು. ಮೆಲ್ಲಗೆ ಏರುತ್ತಾ ನಲವತ್ತೆರಡು, ನಲವತ್ತನಾಲ್ಕು, ನಲವತ್ತಾರು ಸೆಕೆಂಡು ಆಯಿತು. ನಲವತ್ತೇಳನೆಯ ವಯಸ್ಸಿಗೆ ನಲವತ್ತೆಂಟು ಸೆಕೆಂಡಿಗೆ ಬಂದ. ಸರಿಯಾಗಿ ಇನ್ನೂರೈವತ್ತು ವಾಟು.

"ಐದು ಟ್ಯೂಬ್‌ಲೈಟು, ಒಂದು ಫ್ಯಾನು. ಅಂದ್ರೆ ನಮ್ಮ ಕ್ಲಾಸ್‌ರೂಮನ್ನ ನಾನೊಬ್ಬನೇ ನಡೆಸ್ತೀನಿ," ಅಂತ ಎದೆ ತಟ್ಟಿಕೊಂಡ.

ಮರುವರ್ಷ ಹೆಡ್‌ಮಿಸ್ಸು ಅವನನ್ನು ಕರೆಸಿದರು. ನಾನೂ ಅಲ್ಲೇ ಹಾಜರಿ ಪುಸ್ತಕ ಕೊಡಲು ಹೋಗಿದ್ದೆ.

"ಮೇಷ್ಟ್ರೇ, ಈ ಗುಡ್ಡ ಹತ್ತೋದೆಲ್ಲ ಇನ್ನು ಸಾಕು. ನಿಮಗೂ ಐವತ್ತು ಹತ್ರ ಬಂತು. ಮೆಟ್ಟಿಲ ಮೇಲೆ ಏದುಸಿರು ಬಿಡ್ತೀರಿ ಅಂತ ಮಕ್ಕಳೇ ಹೇಳ್ತಾವೆ. ನಾಳೆ ಏನಾದ್ರೂ ಆದ್ರೆ ಉತ್ತರ ಕೊಡೋಳು ನಾನು."

"ನನ್ನ ಮಾತು ಬೇಡ ಮೇಡಂ, ಬೋರ್ಡ್ ಮಾತು ಕೇಳಿ," ಅಂದ ಇವನು. "ಇನ್ನೂರೈವತ್ತು ವಾಟಿಗಿಂತ ಕೆಳಗಿಳಿದ ದಿನ ಬಯಲು ಪಾಠ ನಿಲ್ಲಿಸ್ತೀನಿ. ಅವತ್ತೇ ಡಾಕ್ಟರ ಹತ್ರಾನೂ ಹೋಗ್ತೀನಿ. ಅಳತೆಗೆ ದಾಕ್ಷಿಣ್ಯ ಇಲ್ಲ."

ಅಳತೆಗಿಲ್ಲ ಸರಿ. ಅಳೆಯುವವಳಿಗೆ ಇತ್ತಲ್ಲ!

ಆ ವರ್ಷ ಹೆಡ್‌ಮಿಸ್ಸು ತಾವೇ ಕೊಡೆ ಹಿಡಿದುಕೊಂಡು ಗುಡ್ಡದ ಮೇಲೆ ಬಂದು ಕೂತರು. ನಾನು ಬಟ್ಟೆ ಇಳಿಸಿದೆ. ಅವನು ಹೊರಟ. ಎಪ್ಪತ್ತನೆಯ ಮೆಟ್ಟಿಲ ಹೊತ್ತಿಗೆ ಅವನ ಕಾಲು ಭಾರವಾಗುವುದು ನನಗೆ ಕಾಣುತ್ತಿತ್ತು. ಕೊನೆಯ ಮೆಟ್ಟಿಲು ದಾಟಿ ಮೊಣಕಾಲಿಗೆ ಕೈ ಕೊಟ್ಟು ನಿಂತ. ತಲೆ ಎತ್ತಿ ನನ್ನನ್ನೇ ನೋಡಿದ. "ಎಷ್ಟಕ್ಕಾ?"

ಗಡಿಯಾರದಲ್ಲಿ ಐವತ್ತೆರಡಿತ್ತು. ಅದೇ ಸಪ್ಪೆ ಮುಖ ಬರಲು ತಯಾರಾಗಿ ನಿಂತಿತ್ತು. ಮಕ್ಕಳು ಉಸಿರು ಹಿಡಿದಿದ್ದವು, ಹೆಡ್‌ಮಿಸ್ಸು ಕೊಡೆ ಮಡಚುತ್ತಿದ್ದರು.

"ನಲವತ್ತೆಂಟು," ಅಂದೆ.

ಮಕ್ಕಳ ಕೂಗಿಗೆ ಟ್ಯಾಂಕಿನ ಮೇಲಿನ ಪಾರಿವಾಳಗಳೆಲ್ಲ ಎದ್ದವು. ಅವನು ನಗುತ್ತಾ ಕಲ್ಲಿನ ಮೇಲೆ ಕೂತ. ನಾನು ಗುಂಡಿ ಒತ್ತಿ ಸೊನ್ನೆ ಮಾಡಿದೆ. ನಾಲ್ಕು ಸೆಕೆಂಡು ತಾನೇ, ಒಂದು ಸಲ ಕೆಮ್ಮುವಷ್ಟು ಹೊತ್ತು, ಅದರಿಂದ ಯಾರಿಗೇನು ನಷ್ಟ ಅಂದುಕೊಂಡೆ. ಪಾಪಿ ನಾನು, ಅವತ್ತು ನನಗೆ ಸಂತೋಷವೇ ಆಗಿತ್ತು.

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಅಂತ ಗಾದೆ ಸುಮ್ಮನೆ ಮಾಡಿಲ್ಲ. ಮುಂದಿನ ವರ್ಷ ಐವತ್ತೈದು ಬಂತು. ಪ್ರತಿ ಸಲ ಅದೇ ಅಂಕಿ ಹೇಳಿದರೆ ಅನುಮಾನ ಬಂದೀತೆಂದು ನಲವತ್ತೇಳು ಅಂದೆ. ನನ್ನ ಜಾಣತನ ನೋಡಿ! ಅವನು ಕುಣಿದಾಡಿದ. ಅದರ ಮುಂದಿನ ವರ್ಷ ಐವತ್ತೊಂಬತ್ತು, ನಾನು ಹೇಳಿದ್ದು ನಲವತ್ತೆಂಟು. "ನಂಗೆ ಅರ್ಧ ಗಂಟೆ ಹತ್ತಿದ ಹಾಗಾಯ್ತಲ್ಲಕ್ಕಾ, ಬರೀ ನಲವತ್ತೆಂಟೇನಾ?" ಅಂದ. "ಯಾಕೋ, ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಕಣ್ಣು ಬಿಟ್ಟೆ. ನಂಬಿದ. ಹುಟ್ಟಿದಾಗಿನಿಂದ ನಂಬಿದವನು. ಲ್ಯಾಬಿಗೆ ಹೋಗಿ ಬ್ರಶ್ಶು ಅದ್ದಿ ನನ್ನ ಕೈಯಾರೆ ಸುಳ್ಳು ಬರೆದೆ.

ಅದರ ಮರುವರ್ಷ ಅವನ ಆರೋಗ್ಯ ಸರಿಯಿಲ್ಲ ಅನ್ನುವುದು ಮನೆಯಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ಕಾಣತೊಡಗಿತು. ಎರಡು ದಿಂಬು ಒಂದರ ಮೇಲೊಂದು ಇಟ್ಟುಕೊಂಡು ಮಲಗುತ್ತಿದ್ದ. ಬಾವಿಯಿಂದ ಎರಡು ಕೊಡ ನೀರು ಸೇದಿದರೆ ಕಟ್ಟೆಯ ಮೇಲೆ ಕೂರುತ್ತಿದ್ದ. ಎಡಗೈ ಜೋಮು ಹಿಡಿಯುತ್ತದೆಂದು ಕೈ ಕೊಡವಿಕೊಳ್ಳುತ್ತಿದ್ದ.

"ಡಾಕ್ಟರಿಗೆ ತೋರಿಸ್ಕೋ ಮಾರಾಯಾ," ಅಂತ ಗೋಗರೆದೆ, ಬೈದೆ, ಒಂದು ದಿನ ಊಟ ಬಿಟ್ಟೆ.

"ಅಕ್ಕಾ, ನಿಂಗೆ ಗಾಬರಿ, ನಂಗೆ ಅಂಕಿ ಅಂಶ," ಅಂತ ನಕ್ಕ. "ನಾಲ್ಕು ವರ್ಷದಿಂದ ಗೆರೆ ಎಳೆದ ಹಾಗೆ ನಲವತ್ತೆಂಟು. ಎದೆ ಕೆಟ್ಟಿದ್ರೆ ಮೊದಲು ಬೋರ್ಡಿಗೆ ಗೊತ್ತಾಗೋದು. ಇದು ಗ್ಯಾಸು."

ಅವತ್ತು ನಿಜ ಹೇಳಬೇಕಿತ್ತು. ಬಾಯಿ ತನಕ ಬಂತು. ಹೇಳಿದರೆ ಅವನ ಮುಖ ಏನಾಗುತ್ತದೆ, ಮಕ್ಕಳ ಮುಂದೆ ಎದೆ ತಟ್ಟಿಕೊಂಡದ್ದೆಲ್ಲ ಸುಳ್ಳೆಂದು ಗೊತ್ತಾದರೆ ಅವನು ಇನ್ನೊಮ್ಮೆ ಆ ಗುಡ್ಡದ ಕಡೆ ಹೋದಾನೇ ಅಂತ ನುಂಗಿಕೊಂಡೆ. ಒಂದು ಉಪಾಯ ಹೊಳೆಯಿತು. ಬಯಲು ಪಾಠಕ್ಕೆ ಹತ್ತೇ ದಿನ ಇತ್ತು. ಈ ಸಲ ಗಡಿಯಾರ ಏನು ತೋರಿಸುತ್ತದೋ ಅದನ್ನೇ ಹೇಳುತ್ತೇನೆ. ಇನ್ನೂರೈವತ್ತಕ್ಕಿಂತ ಕೆಳಗೆ ಬರುತ್ತದೆ. ಕೊಟ್ಟ ಮಾತಿಗೆ ಅವನು ತಪ್ಪುವವನಲ್ಲ, ಅವತ್ತೇ ಡಾಕ್ಟರ ಹತ್ತಿರ ಹೋಗುತ್ತಾನೆ. ಹಳೆಯದನ್ನು ಕೆದಕುವುದೇ ಬೇಡ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅವತ್ತು ಒಳ್ಳೆಯ ಬಿಸಿಲಿತ್ತು. ಪೈಪಿನ ನೀರು ಎಂದಿನಂತೆ ಕಾದಿತ್ತು. ಮಕ್ಕಳೆಲ್ಲ ಹತ್ತಿ ಆದ ಮೇಲೆ ಅವನು ಕೆಳಗೆ ನಿಂತು ಕೈ ಎತ್ತಿದ. ನಾನು ಬಟ್ಟೆ ಇಳಿಸಿದೆ. ಎಂಬತ್ತನೆಯ ಮೆಟ್ಟಿಲಿನಿಂದ ಅವನು ಓಡುತ್ತಿರಲಿಲ್ಲ, ನಡೆಯುತ್ತಿದ್ದ. ಮೇಲೆ ಬಂದವನೇ ಟ್ಯಾಂಕಿನ ಗೋಡೆಗೆ ಒರಗಿದ. ಮುಖದ ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು.

"ಎಷ್ಟಕ್ಕಾ?"

"ಅರವತ್ತಾರು."

ನಾನು ಅವನ ಮುಖವನ್ನೇ ನೋಡುತ್ತಿದ್ದೆ, ಸಪ್ಪಗಾಗಲಿ, ಈ ಸಲ ಸಹಿಸಿಕೊಳ್ಳುತ್ತೇನೆ ಅಂತ. ಅದು ಸಪ್ಪಗಾಗಲಿಲ್ಲ. ಅವನು ನಕ್ಕುಬಿಟ್ಟ.

"ಹೋದ ವರ್ಷ ನಲವತ್ತೆಂಟು, ಈ ವರ್ಷ ಅರವತ್ತಾರಾ? ಒಂದೇ ವರ್ಷಕ್ಕೆ ಹದಿನೆಂಟು ಸೆಕೆಂಡು ಹೆಚ್ಚಾಗೋಕೆ ನನ್ನ ಕಾಲು ಮುರಿದಿದೆಯಾ?" ಮಕ್ಕಳ ಕಡೆ ತಿರುಗಿದ. ದಮ್ಮು ಕಟ್ಟಿದ್ದರೂ ಪಾಠ ಬಿಡಲಿಲ್ಲ. "ನೋಡಿ, ಒಳ್ಳೇ ಉದಾಹರಣೆ. ನಾಲ್ಕು ಅಳತೆ ಒಂದು ಹೇಳುತ್ತೆ, ಐದನೇದು ಬೇರೆ ಏನೋ ಹೇಳುತ್ತೆ. ಆಗ ಏನು ಮಾಡ್ಬೇಕು?"

ಮುಂದಿನ ಸಾಲಿನಲ್ಲಿ ಒಂದು ಹುಡುಗಿ ಇದ್ದಳು, ಟೈಲರಮ್ಮನ ಮಗಳು. ಯಾವುದಕ್ಕೂ ಯಾಕೆ, ಯಾಕೆ ಅಂತ ಕೇಳಿ ಕೇಳಿ ಇಡೀ ಶಾಲೆಯಲ್ಲಿ ಅವಳ ಹೆಸರೇ ಯಾಕಮ್ಮ ಆಗಿತ್ತು. ಅವಳೇ ಕೈ ಎತ್ತಿದಳು. "ಇನ್ನೊಂದ್ಸಲ ಅಳೀಬೇಕು ಸರ್."

"ಭೇಷ್!" ಅಂದ ನನ್ನ ತಮ್ಮ.

"ಬೇಡ ಕಣೋ," ಅಂದೆ. "ವಾಚು ಸರಿಯಾಗೇ ಇದೆ. ನೀನು ಮಾತು ಕೊಟ್ಟಿದೀಯ, ನಡಿ ಡಾಕ್ಟರ ಹತ್ರ."

"ಸರಿ ಇದ್ರೆ ಮತ್ತೆ ಅರವತ್ತಾರೇ ಬರುತ್ತೆ, ಹೋಗೋಣ. ಒಂದು ಅಳತೆ ಅಳತೆ ಅಲ್ಲಕ್ಕಾ."

ಅವನು ಇಳಿಯತೊಡಗಿದ. ಇಳಿಯಲು ಅವನಿಗೆ ಎರಡು ನಿಮಿಷ ಹಿಡಿಯಿತು. ಆ ಎರಡು ನಿಮಿಷ ನನ್ನದಾಗಿತ್ತು. ಲೋ, ಆ ನಾಲ್ಕು ಅಳತೆಯಲ್ಲಿ ಮೂರು ಸುಳ್ಳು, ನಾನು ಕಟ್ಟಿ ಹೇಳಿದ್ದು, ಅಂತ ಒಂದು ಸಲ ಕೂಗಿದ್ದರೆ ಸಾಕಿತ್ತು. ನನ್ನ ಗಂಟಲು ಸಣ್ಣದೇನಲ್ಲ, ಆಟದ ಮೈದಾನದ ಆ ತುದಿಯಿಂದ ಈ ತುದಿಗೆ ಕೇಳುತ್ತದೆ. ಮೂವತ್ತೆಂಟು ಮಕ್ಕಳು ನನ್ನ ಸುತ್ತ ನಿಂತಿದ್ದವು. ಅಕ್ಕ ಸುಳ್ಳಿ ಅಂತ ಅವುಗಳ ಕಣ್ಣಲ್ಲಿ ಕಾಣುವುದಕ್ಕೆ ನನಗೆ ನಾಚಿಕೆಯಾಯಿತು. ಇದೊಂದು ಸಲ ಹತ್ತಿಬಿಡಲಿ, ಮನೆಗೆ ಹೋಗಿ ಹೇಳುತ್ತೇನೆ ಅಂದುಕೊಂಡೆ. ಅವನು ಕೆಳಗಿನಿಂದ ಕೈ ಎತ್ತಿದ. ನಾನು ಬಟ್ಟೆ ಹಿಡಿದು ನಿಂತೇ ಇದ್ದೆ. "ಅಕ್ಕಾ, ಬಿಡೂ!" ಅಂತ ಕೂಗಿದ. ಬಿಟ್ಟೆ.

ತೊಂಬತ್ತೊಂದನೆಯ ಮೆಟ್ಟಿಲಲ್ಲಿ ಅವನು ಕೂತ. ಕೂತವನು ಪಕ್ಕಕ್ಕೆ ವಾಲಿದ. ನಾನು ಹೇಗೆ ಇಳಿದೆನೋ ಗೊತ್ತಿಲ್ಲ. ಅವನ ತಲೆ ತೊಡೆಯ ಮೇಲಿಟ್ಟುಕೊಂಡೆ. ಹುಬ್ಬು ಸ್ವಲ್ಪ ಮೇಲಕ್ಕೆತ್ತಿದ, ಎಷ್ಟು ಅಂತ ಕೇಳುವ ಹಾಗೆ. ಆಮೇಲೆ ಕೇಳಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಹೊಲಿಗೆ ಟೀಚರು ನನ್ನ ಮುಷ್ಟಿ ಬಿಡಿಸಿದರು. ವಾಚು ಇನ್ನೂ ಓಡುತ್ತಿತ್ತು, ಒಂದು ಗಂಟೆ ಐವತ್ತು ನಿಮಿಷ ದಾಟಿತ್ತು. ಒಳಗಿನಿಂದ ಬಂದ ಡಾಕ್ಟರು ವಯಸ್ಸಾದವರು, ಮೆತ್ತಗೆ ಮಾತಾಡಿದರು. "ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲಮ್ಮ. ಮೂರು ನಾಲ್ಕು ವರ್ಷದಿಂದ ರಕ್ತನಾಳ ಕಟ್ಕೊಳ್ತಾ ಬಂದಿದೆ. ಆಗ್ಲೇ ಬಂದಿದ್ರೆ ಉಳಿಸ್ಕೋಬಹುದಿತ್ತು. ಗೊತ್ತಾಗೋ ಹಾಗೆ ಏನೂ ಲಕ್ಷಣ ಇರ್ಲಿಲ್ವಾ?"

ಮನೆಗೆ ಬಂದವರೆಲ್ಲ ಒಂದೇ ಮಾತು. "ಎಂಥಾ ಗಟ್ಟಿಮುಟ್ಟು ಮನುಷ್ಯ! ಹೋದ ವರ್ಷ ಕೂಡ ನಲವತ್ತೆಂಟು ಸೆಕೆಂಡಿಗೆ ಹತ್ತಿದ್ರು," ಅಂದರು ಹೆಡ್‌ಮಿಸ್ಸು, ಸೆರಗಿನಿಂದ ಕಣ್ಣೊರೆಸಿಕೊಂಡು. ನಾನು ತಲೆ ತಗ್ಗಿಸಿ ಕೂತಿದ್ದೆ. ದುಃಖ ಅಂದುಕೊಂಡರು. ದುಃಖ ಹೌದು, ಆದರೆ ಅದರ ಒಳಗೆ ಏನಿತ್ತು ಅಂತ ನನಗೊಬ್ಬಳಿಗೇ ಗೊತ್ತು.

ಎಂಟು ತಿಂಗಳು ಆ ಬೋರ್ಡಿನ ಪಕ್ಕದಲ್ಲೇ ಬೀಕರು ತೊಳೆದೆ. ಹೇಳಿ ಏನು ಪ್ರಯೋಜನ, ಹೋದವನು ಬರುತ್ತಾನೆಯೇ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು ಹೇಳಿ ಅಭ್ಯಾಸವಾದವಳಿಗೆ ಅದೇನು ಕಷ್ಟ?

ಒಂದು ಮಧ್ಯಾಹ್ನ ಟೈಲರಮ್ಮ ಲ್ಯಾಬಿಗೆ ಬಂದಳು. ಕುತ್ತಿಗೆಗೆ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

"ಅಕ್ಕಾ, ನನ್ನ ಮಗಳಿಗೆ ನೀವಾದ್ರೂ ಸ್ವಲ್ಪ ಹೇಳಿ. ಆವತ್ತಿಂದ ಮನೇಲಿ ಬಾಯೇ ಬಿಡ್ತಿಲ್ಲ. ಕ್ಲಾಸಲ್ಲೂ ಒಂದು ಪ್ರಶ್ನೆ ಕೇಳಲ್ಲವಂತೆ. ಮೊನ್ನೆ ಹೊಡೆದೇ ಕೇಳ್ದೆ, ಏನೇ ನಿನ್ನ ರೋಗ ಅಂತ. 'ಇನ್ನೊಂದ್ಸಲ ಹತ್ತಿ ಅಂತ ಹೇಳಿದ್ದು ನಾನೇ ಅಮ್ಮ, ಸರ್‌ನ ಸಾಯಿಸಿದ್ದು ನಾನೇ' ಅಂತ ಅಳ್ತಾಳೆ. ಹದಿನೈದು ವರ್ಷದ ಕೂಸು, ಏನು ಮಾಡ್ಲಿ ನಾನು?"

ನನ್ನ ಕೈಲಿದ್ದ ಬೀಕರು ತೊಟ್ಟಿಯೊಳಗೆ ಬಿದ್ದು ಒಡೆಯಿತು. ಅಯ್ಯೋ ದೇವರೇ! ನನ್ನ ಪಾಪವನ್ನು ಆ ಮಗು ಎಂಟು ತಿಂಗಳಿಂದ ಹೊತ್ತುಕೊಂಡು ತಿರುಗುತ್ತಿತ್ತು, ನಾನು ನೋಡುತ್ತಾ ಓಡಾಡುತ್ತಿದ್ದೆ.

ಅವತ್ತು ಶಾಲೆ ಬಿಟ್ಟ ಮೇಲೆ ಬೋರ್ಡು ಇಳಿಸಿದೆ. ಕೊನೆಯ ಮೂರು ಸಾಲಿಗೆ ಕಪ್ಪು ಬಳಿದು ಒಣಗಿಸಿದೆ. ಅದರ ಮೇಲೆ ಬಿಳಿಯಲ್ಲಿ ಬರೆದೆ: ಐವತ್ತೆರಡು, ಐವತ್ತೈದು, ಐವತ್ತೊಂಬತ್ತು. ಯಾವ ಪುಸ್ತಕದಲ್ಲೂ ಬರೆದಿಟ್ಟಿರಲಿಲ್ಲ, ಬರೆದಿಡುವ ಅಗತ್ಯವೂ ಇರಲಿಲ್ಲ. ಕೆಳಗೆ ಅರವತ್ತಾರು ಸೇರಿಸಿದೆ.

ಮಾರನೆಯ ದಿನ ಹತ್ತನೇ ಕ್ಲಾಸಿಗೆ ಲ್ಯಾಬು ಇತ್ತು. ಮೇಷ್ಟ್ರ ಜಾಗಕ್ಕೆ ಬಂದಿದ್ದ ಹೊಸ ಟೀಚರು ಬಯಲು ಪಾಠವನ್ನು ಮತ್ತೆ ಶುರುಮಾಡಬೇಕೆಂದು ಓಡಾಡುತ್ತಿದ್ದರು, ಮರುದಿನಕ್ಕೆ ನಿಗದಿಯೂ ಆಗಿತ್ತು. ಅವರಿಗೆ ಹೇಳಿ ಹೆಡ್‌ಮಿಸ್ಸನ್ನೂ ಕರೆಸಿದೆ. ಮಕ್ಕಳ ಎದುರು ನಿಂತು ಹೇಳಿದೆ. ಮೊದಲ ನಾಲ್ಕು ಸೆಕೆಂಡಿನಿಂದ ಹಿಡಿದು ಗುಡ್ಡದ ಮೇಲೆ ನುಂಗಿಕೊಂಡ ಮಾತಿನವರೆಗೆ, ಒಂದನ್ನೂ ಬಿಡಲಿಲ್ಲ.

"ಇನ್ನೊಂದ್ಸಲ ಅಳೀಬೇಕು ಅಂದವಳದ್ದು ತಪ್ಪಲ್ಲ," ಅಂದೆ. "ಮೇಷ್ಟ್ರು ಕಲಿಸಿದ್ದನ್ನೇ ಅವಳು ಹೇಳಿದ್ಲು. ಸುಳ್ಳು ಅಳತೆ ಕೊಟ್ಟವಳು ನಾನು."

ಹೆಡ್‌ಮಿಸ್ಸು ಎದ್ದು ಹೋದರು. ಹಿಂದಿನ ಬೆಂಚಿನಲ್ಲಿ ಯಾರೋ ಅಳುತ್ತಿದ್ದರು. ಯಾಕಮ್ಮ ಮಾತ್ರ ಅಳಲಿಲ್ಲ. ಬೋರ್ಡಿನ ಮುಂದೆ ಬಂದು ನಿಂತು ಅಂಕಿಗಳನ್ನು ಪುಸ್ತಕಕ್ಕೆ ಇಳಿಸಿಕೊಂಡಳು. ಗ್ರಾಫಿನ ಹಾಳೆಯಲ್ಲಿ ಚುಕ್ಕೆ ಇಟ್ಟಳು, ಸ್ಕೇಲು ಇಲ್ಲದೆ ಕೈಯಲ್ಲೇ ಗೆರೆ ಎಳೆದಳು. ಕೊನೆಕೊನೆಗೆ ಕಡಿದಾಗುತ್ತಾ ಮೇಲೆ ಹೋದ ಗೆರೆ. ಅದರ ಮೇಲೆ ಬೆರಳಿಟ್ಟಳು.

"ಇದನ್ನ ನೋಡಿದ್ರೆ ಸರ್‌ಗೆ ಮೊದಲ್ನೇ ವರ್ಷಾನೇ ಗೊತ್ತಾಗ್ತಿತ್ತು."

"ಗೊತ್ತಾಗ್ತಿತ್ತು ಮಗಳೇ."

"ಯಾಕೆ ಅಕ್ಕಾ? ಯಾಕೆ ಹಾಗ್ಮಾಡಿದ್ರಿ?"

ಎಂಟು ತಿಂಗಳ ಮೇಲೆ ಆ ಮಗು ಯಾಕೆ ಅಂತ ಕೇಳಿತ್ತು. ಉತ್ತರ ಕೊಡದೆ ಇರಲಾಗಲಿಲ್ಲ.

"ಅವನ ಮುಖ ಸಪ್ಪಗಾಗ್ಬಾರ್ದು ಅಂತ."

"ಅಷ್ಟಕ್ಕೇನಾ?"

"ಅಷ್ಟಕ್ಕೇ."

ಅವಳು ನನ್ನ ಮುಂದೆ ಕೈ ಚಾಚಿದಳು. "ವಾಚು ಕೊಡಿ. ನಾಳೆ ಗುಡ್ಡದ ಮೇಲೆ ನಾನು ಹಿಡ್ಕೋತೀನಿ."

ಸೊಂಟದ ಚೀಲದಿಂದ ತೆಗೆದು ಕೊಟ್ಟೆ. ಅವಳು ಅದನ್ನು ಸೊನ್ನೆ ಮಾಡಿದಳು. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬಂದಾಗ ಒತ್ತಿದಳು, ಪೂರ್ತಿ ಒಂದು ನಿಮಿಷ ಕಣ್ಣು ಮಿಟುಕಿಸದೆ ಕಾದಳು, ಮತ್ತೆ ಹನ್ನೆರಡಕ್ಕೆ ಬಂದಾಗ ನಿಲ್ಲಿಸಿ ನೋಡಿದಳು. ಆಮೇಲೆ ಮೊದಲ ಸಲ ನನ್ನ ಮುಖ ನೋಡಿದಳು.

"ವಾಚು ಸರಿಯಾಗೇ ಇದೆ ಅಕ್ಕಾ," ಅಂದಳು.